ಅಲೆಮೇಸ್ತ್ರಿಯ ಗೋಡೆ

ಊಟದ ಮೇಜಿನ ಮೇಲೆ ಕುಂಚ ಇಡಬಾರದು ಎಂಬ ಕಾನೂನು ಆ ಮನೆಯಲ್ಲಿ ಬಹಳ ಕಾಲದಿಂದ ಜಾರಿಯಲ್ಲಿತ್ತು. ಮಾಡಿದವಳು ಮನೆಯ ಸೊಸೆ. ಮುರಿಯುತ್ತಿದ್ದವರು ಇಬ್ಬರು, ಅವಳ ಮಾವ ಮತ್ತು ಅವಳ ಮಗಳು. ಮಾವನ ಕುಂಚದ ಟರ್ಪೆಂಟೈನ್ ವಾಸನೆ ಅನ್ನಕ್ಕೆ ಹತ್ತುತ್ತಿತ್ತು. ಮಗಳಿಗೆ ಟೀ ಲೋಟ ಯಾವುದು, ಕುಂಚ ತೊಳೆಯುವ ಲೋಟ ಯಾವುದು ಎಂಬ ಭೇದವಿರಲಿಲ್ಲ. ಒಂದು ಬೆಳಗ್ಗೆ ಅವಳಪ್ಪ ನೀಲಿ ಟೀಯನ್ನು ಅರ್ಧ ಕುಡಿದು, ಸಕ್ಕರೆ ಕಡಿಮೆ ಎಂದಿದ್ದ. ಪಾಪ, ಅವನು ಬಣ್ಣದಂಗಡಿಯ ಕೌಂಟರಿನಲ್ಲಿ ನಿಂತು ದಿನವಿಡೀ ಡಬ್ಬಿ ಮಾರುವವನು. ಮನೆಗೆ ಬಂದ ಮೇಲಾದರೂ ಬಣ್ಣದ ಮಾತು ಬೇಡ ಎನ್ನುವುದು ಅವನ ಒಂದೇ ಆಸೆ. ಆ ಆಸೆಯನ್ನು ಕೇಳುವವರು ಯಾರೂ ಇರಲಿಲ್ಲ.

ಮಾವನನ್ನು ಬಂದರಿನಲ್ಲಿ ಎಲ್ಲರೂ ಅಲೆಮೇಸ್ತ್ರಿ ಎನ್ನುತ್ತಿದ್ದರು. ಮರದ ದೋಣಿಗಳಿಗೆ ಬಣ್ಣ ಹೊಡೆಯುವುದು ಆ ಮನೆಯ ಕಸುಬು. ಹಿತ್ತಲಿನ ಷೆಡ್ಡಿಗೆ ದೋಣಿ ತಂದು, ಮರದ ಕಾಲುಗಳ ಮೇಲೆ ಬೋರಲು ಹಾಕಿ, ಅಂಟಿದ ಚಿಪ್ಪುಗಳನ್ನು ಹೆರೆದು, ಸಂದುಗಳಿಗೆ ರಾಳ ಮೆತ್ತಿ, ಬಣ್ಣ ಬಳಿದಾದ ಮೇಲೆ ಕೊನೆಯ ಕೆಲಸವೊಂದಿತ್ತು. ದೋಣಿಯ ಅಂಚಿನುದ್ದಕ್ಕೂ, ಮೂತಿಯಿಂದ ಬಾಲದವರೆಗೆ, ಬಿಳಿ ಅಲೆಗಳ ಸಾಲು ಎಳೆಯುವುದು. ಪ್ರತಿ ಅಲೆಗೂ ಹೊಟ್ಟೆ, ಬೆನ್ನು, ಜುಟ್ಟು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ಉಸಿರು ಬಿಟ್ಟರೆ ಅಲೆ ಕುಂಟುತ್ತದೆ. ಹೀಗೆಂದು ಅವನಿಗೆ ಅವನ ಅಜ್ಜ ಹೇಳಿಕೊಟ್ಟಿದ್ದ, ಆ ಅಜ್ಜನಿಗೆ ಅವನ ಅಜ್ಜ. ದೂರದಲ್ಲಿ ದೋಣಿ ಕಂಡರೆ ಸಾಕು, ಅಲೆ ನೋಡಿ ಇದು ನಮ್ಮ ಬಂದರಿನದು ಎಂದು ಮೀನುಗಾರರು ಹೇಳುತ್ತಿದ್ದರು.

ಈಗ ಫೈಬರ್ ದೋಣಿಗಳು ಕಾರ್ಖಾನೆಯಲ್ಲೇ ಬಣ್ಣ ಬಳಿದುಕೊಂಡು, ಮದುಮಕ್ಕಳ ಹಾಗೆ ಸಿಂಗರಿಸಿಕೊಂಡು ಬರುತ್ತವೆ. ಷೆಡ್ಡಿನಲ್ಲಿ ದೋಣಿಗಿಂತ ಸೊಸೆ ಒಣಹಾಕಿದ ಬಟ್ಟೆಯೇ ಹೆಚ್ಚಾಗಿತ್ತು. ಮೇಸ್ತ್ರಿ ದಿನಾ ಬೆಳಗ್ಗೆ ಷೆಡ್ಡಿಗೆ ಹೋಗಿ, ಕುಂಚಗಳನ್ನು ತೊಳೆದು, ಉಪಯೋಗಿಸದೇ ಇದ್ದುದರಿಂದ ಶುದ್ಧವಾಗಿಯೇ ಇದ್ದ ಅವನ್ನು ಮತ್ತೆ ಒಣಗಿಸಿ, ಊಟಕ್ಕೆ ಬರುತ್ತಿದ್ದ.

ಮೊಮ್ಮಗಳನ್ನು ಮನೆಯವರು ಮರಿ ಎನ್ನುತ್ತಿದ್ದರು, ಮದುವೆಯ ವಯಸ್ಸಿಗೆ ಬಂದಿದ್ದರೂ. ಚಿತ್ರಕಲೆಯ ಶಾಲೆಯಲ್ಲಿ ಕಲಿತು ಬಂದವಳು. ಬೆಳಗ್ಗೆ ಮಕ್ಕಳಿಗೆ ಚಿತ್ರ ಹೇಳಿಕೊಟ್ಟು, ಉಳಿದ ಹೊತ್ತೆಲ್ಲ ಬಂಡೆಗಳ ಮೇಲೆ ಕೂತು ಸಮುದ್ರ ಬರೆಯುತ್ತಿದ್ದಳು. ಸಮುದ್ರದ ಹುಚ್ಚು ಅವಳಿಗೆ ಚಿಕ್ಕಂದಿನದು. ನಡೆಯುವುದಕ್ಕಿಂತ ಮೊದಲು ಈಜಿದಳು ಎಂದು ಅವಳಮ್ಮ ಉತ್ಪ್ರೇಕ್ಷೆ ಮಾಡುತ್ತಿದ್ದಳು. ಅವಳು ಬಂಡೆಯ ಮೇಲೆ ಬರೆಯುವುದನ್ನು ಕಂಡ ಲಾಂಚ್ ನಿಲ್ದಾಣದ ಮ್ಯಾನೇಜರು ಒಂದು ದಿನ ಕರೆದು, ಹೊಸದಾಗಿ ಕಟ್ಟಿದ ಪ್ರಯಾಣಿಕರ ಕೊಠಡಿಯ ದೊಡ್ಡ ಗೋಡೆಯನ್ನು ತೋರಿಸಿದರು. ಉದ್ಘಾಟನೆಯ ಒಳಗೆ ಮುಗಿಸಿದರೆ ಆಯಿತು, ಸಮುದ್ರವನ್ನು ನಿಮಗೆ ಹೇಗೆ ಬೇಕೋ ಹಾಗೆ ಬರೆಯಿರಿ ಎಂದರು. ಅವಳು ಮನೆಗೆ ಓಡಿಕೊಂಡೇ ಬಂದಳು.

ಜಗಳ ಶುರುವಾಗಿದ್ದು ಅವತ್ತಿನ ಊಟದಲ್ಲಿ. ಹುರಿದ ಮೀನು ಇನ್ನೂ ಬಿಸಿಯಾಗಿತ್ತು. ಮೇಸ್ತ್ರಿ ಬಹಳ ಸಂತೋಷಪಟ್ಟ. ಮುಳ್ಳು ಬಿಡಿಸಿ ಮೀನಿನ ಹೊಟ್ಟೆಯ ಭಾಗವನ್ನು ಮೊಮ್ಮಗಳ ತಟ್ಟೆಗೆ ಹಾಕಿದ. ಆಮೇಲೆ, ಗೋಡೆಗೆ ನಾನು ಅಲೆಯ ಸಾಲು ಎಳೆದುಕೊಡುತ್ತೇನೆ, ನೀನು ಮಧ್ಯೆ ಏನು ಬೇಕಾದರೂ ತುಂಬಿಕೋ ಎಂದ. ಮರಿ ತಿನ್ನುವುದನ್ನು ನಿಲ್ಲಿಸಿದಳು.

"ಬೇಡ ತಾತ. ಇದು ನನ್ನ ಗೋಡೆ. ನಾನು ನೋಡಿದ ಸಮುದ್ರ ಬರೀಬೇಕು."

"ನಮ್ಮ ಅಲೆಗೆ ಏನಾಗಿದೆಯಮ್ಮ?"

"ಅದು ಅಲೆ ಅಲ್ಲ ತಾತ. ಬಸವನಹುಳಗಳ ಮೆರವಣಿಗೆ ಥರ ಇರುತ್ತೆ. ನಿಮ್ಮಜ್ಜ ಹಾಕಿದ ಆಲದ ಮರ ಅಂತ ನಾನೂ ಹೋಗಿ ಜೋತುಬೀಳಬೇಕಾ?"

ಹೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಆಡಿದ ಮಾತು, ಒಡೆದ ಮುತ್ತು. ಮೇಸ್ತ್ರಿ ಅನ್ನ ಮುಗಿಸಿ, ಎದ್ದು ತಟ್ಟೆ ತೊಳೆದಿಟ್ಟು ಹೋದ. ಅವನು ತಟ್ಟೆ ತೊಳೆದಿದ್ದನ್ನು ನೋಡಿ ಸೊಸೆಗೆ ನಿಜವಾಗಿ ಭಯವಾಯಿತು, ಏಕೆಂದರೆ ಹಾಗೆ ಅವನು ಹಿಂದೆಂದೂ ಮಾಡಿರಲಿಲ್ಲ.

ಮಾರನೆಯ ದಿನದಿಂದ ಮೇಸ್ತ್ರಿ ಮೊಮ್ಮಗಳ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟ. ಚಿತ್ರಗಾರ್ತಿಯವರಿಗೆ ಉಪ್ಪು ಬೇಕೋ ಏನೋ ಕೇಳು ಎಂದು ಮಗನಿಗೆ ಹೇಳುವನು. ಮೇಸ್ತ್ರಿಗಳ ಕನ್ನಡಕ ಕಿಟಕಿಯ ಮೇಲಿದೆ ಎಂದು ಅವಳು ಗೋಡೆಗೆ ಹೇಳುವಳು. ನಡುವೆ ಸಿಕ್ಕಿದ ಅಪ್ಪ ಟಪಾಲಿನವನಂತೆ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ತಲುಪಿಸುತ್ತ, ತನ್ನ ಅನ್ನ ಆರಿಹೋಯಿತು ಎಂದು ಗೊಣಗುವನು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಸೊಸೆ ಇಬ್ಬರಿಗೂ ಒಟ್ಟಿಗೇ ಬೈದಳು, ಬೇರೆ ಬೇರೆಯಾಗಿ ಬೈದಳು, ಬೈಯದೇ ಇದ್ದೂ ನೋಡಿದಳು. ಯಾವುದೂ ನಾಟಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು, ಗಿರಾಕಿಗಳ ಅಂಗಿಗಳ ಮೇಲೆ ಆ ಸಿಟ್ಟನ್ನೆಲ್ಲ ತೀರಿಸಿಕೊಂಡಳು. ಆ ತಿಂಗಳು ಅವಳು ಹಾಕಿದ ಗುಂಡಿಗಳು ಇವತ್ತಿಗೂ ಬಿದ್ದಿಲ್ಲವಂತೆ.

ಇತ್ತ ಗೋಡೆಯ ಕಥೆ ಚೆನ್ನಾಗಿರಲಿಲ್ಲ. ಬಂಡೆಯ ಮೇಲೆ ಕೂತಾಗ ಮರಿಯ ಕೈಗೆ ಸಲೀಸಾಗಿ ಬರುತ್ತಿದ್ದ ಸಮುದ್ರ, ಗೋಡೆಯ ಮುಂದೆ ನಿಂತರೆ ಬರುತ್ತಿರಲಿಲ್ಲ. ಹಾಳೆಯ ಮೇಲೆ ಅಂಗೈಯಗಲ ಇದ್ದಾಗ ಮಿನುಗುತ್ತಿದ್ದದ್ದು ಗೋಡೆಯಗಲ ಆದ ಕೂಡಲೇ ಮಂಕಾಗುತ್ತಿತ್ತು. ಬರೆಯುವಳು, ಕೆರೆಯುವಳು, ಮತ್ತೆ ಬರೆಯುವಳು. ಬೆಳಗಿನ ಸಮುದ್ರ ಬರೆದಳು, ಮೋಡದ ದಿನದ್ದು ಬರೆದಳು. ಗೋಡೆಯ ಕೆಳಗಿನ ಅರ್ಧದಲ್ಲಿ ಏನೋ ಒಂದು ಬೂದು ನೀಲಿ ಕೂತಿತು. ಮೇಲಿನ ಅರ್ಧ ಖಾಲಿಯಾಗಿಯೇ ಇತ್ತು. ಕೊಠಡಿಯನ್ನು ನೋಡಲೆಂದು ಒಳಗೆ ಇಣುಕಿದ ಪ್ರಯಾಣಿಕನೊಬ್ಬ ಗೋಡೆಯನ್ನು ಗಮನವಿಟ್ಟು ನೋಡಿ, ಸಿಮೆಂಟು ಒಣಗುವುದಕ್ಕೆ ಇನ್ನೂ ಎಷ್ಟು ದಿನ ಬೇಕು ಎಂದು ಕೇಳಿದ. ಅವಳು ಇನ್ನೂ ಒಂದು ವಾರ ಎಂದು ಉತ್ತರ ಕೊಟ್ಟು, ಅವನು ಹೋದ ಮೇಲೆ ಏಣಿಯ ಮೇಲೇ ಕೂತು ಅತ್ತಳು.

ಮಧ್ಯಾಹ್ನ ಬುತ್ತಿ ತಂದ ಅಮ್ಮ ಆ ಮುಖ ನೋಡಿದಳು. ಸಮಾಧಾನ ಹೇಳುವುದು ಅವಳಿಗೆ ಬಾರದ ವಿದ್ಯೆ. "ದಿನಾ ಬರೀತೀಯ, ದಿನಾ ಅಳಿಸ್ತೀಯ. ನಾನು ಹೀಗೆ ಅಡುಗೆ ಮಾಡಿದ್ದಿದ್ರೆ ನಮ್ಮನೇಲಿ ಎಲ್ಲರೂ ಹಸಿವಿನಲ್ಲೇ ಹೋಗಿರ್ತಿದ್ರು. ಮೊದಲು ತಿನ್ನು," ಎಂದು ಬುತ್ತಿ ಬಿಚ್ಚಿದಳು. ಬೇಯಿಸಿದ ಮೊಟ್ಟೆಗಳಲ್ಲಿ ಒಂದು ಹೆಚ್ಚಿಗೆ ಇತ್ತು. ತಾತನ ಪಾಲಿನದು, ಅವರೇ ಇಡು ಅಂದರು ಎನ್ನಲು ಅಮ್ಮನಿಗೆ ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೂ ಹೇಳಕೂಡದು ಎಂದು ಮೇಸ್ತ್ರಿ ಕಟ್ಟುನಿಟ್ಟು ಮಾಡಿದ್ದರಿಂದ ಸುಮ್ಮನಾದಳು.

ಮೇಸ್ತ್ರಿ ಸಂಜೆಯ ಹೊತ್ತು ಲಾಂಚಿಗೆ ಕಾಯುವವನ ಹಾಗೆ ನಟಿಸುತ್ತ ನಿಲ್ದಾಣದ ಸುತ್ತ ಸುಳಿಯುತ್ತಿದ್ದ. ಈ ನಟನೆಗೆ ಟಿಕೆಟ್ ಕೊಡುವವಳೂ ಮೋಸಹೋಗಲಿಲ್ಲ. ಅಲೆಮೇಸ್ತ್ರಿ ಲಾಂಚ್ ಹತ್ತುವುದಿರಲಿ, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವನಲ್ಲ ಎಂದು ಇಡೀ ಬಂದರಿಗೆ ಗೊತ್ತು. ಮರದ ಮೇಲೆ ಅಲೆ ಎಳೆಯುವವನಿಗೆ ನೀರಿನಲ್ಲೇನು ಕೆಲಸ ಎಂದು ಅವನು ಯೌವನದಲ್ಲೇ ಹೇಳಿಬಿಟ್ಟಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ.

ಉದ್ಘಾಟನೆ ಹತ್ತಿರವಾದಾಗ ಮರಿಗೆ ಜ್ವರ ಬಂತು. ತೇವದ ಕೊಠಡಿಯಲ್ಲಿ ಊಟ ಬಿಟ್ಟು ನಿಂತರೆ ಇನ್ನೇನು ಬರುತ್ತದೆ. ಎರಡು ಹೊದಿಕೆ ಹೊದ್ದು ಮಲಗಿದ್ದವಳನ್ನು ನೋಡಲು ಮ್ಯಾನೇಜರು ಕಿತ್ತಳೆಹಣ್ಣು ಹಿಡಿದುಕೊಂಡು ಬಂದರು. ಒಳ್ಳೆಯ ಮನುಷ್ಯ, ಆದರೆ ಅವರಿಗೂ ಮೇಲಿನವರಿದ್ದಾರೆ. ಗೋಡೆ ಅರ್ಧ ಖಾಲಿ ಇದ್ದರೆ ಚೆನ್ನಾಗಿರುವುದಿಲ್ಲ, ಆಗದಿದ್ದರೆ ಹೇಳಿಬಿಡಿ, ಸಮುದ್ರದ ದೊಡ್ಡ ಫೋಟೋ ಛಾಪಿಸಿ ಅಂಟಿಸುತ್ತೇವೆ ಎಂದು ಬಹಳ ಸಂಕೋಚದಿಂದ ಹೇಳಿ ಹೋದರು. ಮರಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡಳು. ಪಡಸಾಲೆಯಲ್ಲಿ ಹಗ್ಗ ಸುತ್ತುತ್ತಿದ್ದ ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡ.

ಬೆಳಗ್ಗೆ ಸೊಸೆ ಟೀ ತಂದಾಗ ಅವನ ಹಾಸಿಗೆ ಖಾಲಿ. ಷೆಡ್ಡಿನಲ್ಲಿ ಕುಂಚಗಳಿಲ್ಲ, ಬಿಳಿಯ ಡಬ್ಬಿಯಿಲ್ಲ.

ಅವನು ನಿಲ್ದಾಣದ ಏಣಿಯ ಮೇಲಿದ್ದ. ಮೊಮ್ಮಗಳ ಸಮುದ್ರಕ್ಕೆ ಕೈ ಹಚ್ಚಿರಲಿಲ್ಲ, ಅಷ್ಟು ಮಾನ ಅವನಿಗೂ ಇತ್ತು. ಚಾವಣಿಗೆ ತಾಗಿದ ಖಾಲಿ ಜಾಗಕ್ಕೆ ನೀಲಿ ಬಳಿದು, ಅದರ ಮೇಲೆ ಅಲೆ ಎಳೆಯಲು ಶುರುಮಾಡಿದ್ದ. ಬಹಳ ದಿನಗಳ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಹೊಟ್ಟೆ, ಬೆನ್ನು, ಜುಟ್ಟು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಏಣಿ ಸರಿಸುತ್ತ, ಉಸಿರು ಹಿಡಿಯುತ್ತ ಬಿಡುತ್ತ, ಹಾಡು ಗುನುಗುತ್ತ, ಈ ಮೂಲೆಯಿಂದ ಆ ಮೂಲೆಗೆ ಹೋದ. ಅಲ್ಲಿಂದ ಕೆಳಗಿನ ಸಾಲು ಹಿಡಿದು ವಾಪಸು ಬಂದ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಗೋಡೆಯೆಲ್ಲ ಅಲೆಯಾಗಿತ್ತು.

ಬುತ್ತಿ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತಳು. ಏನೋ ಸರಿಯಿಲ್ಲ ಎಂದು ಕಂಡಿತು, ಏನೆಂದು ತಿಳಿಯಲಿಲ್ಲ. ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿದಳು. ಆಮೇಲೆ ಮೆಲ್ಲಗೆ, "ಮಾವ, ಒಂದು ಸಲ ಇಳಿದು ಬಂದು ಇಲ್ಲಿಂದ ನೋಡಿ," ಎಂದಳು.

ಮೇಸ್ತ್ರಿ ಇಳಿದು, ಕೈ ಒರೆಸಿಕೊಂಡು, ಅವಳ ಪಕ್ಕಕ್ಕೆ ಬಂದು ತಿರುಗಿದ. ಅಲೆಗಳೆಲ್ಲ ತಲೆಕೆಳಗಾಗಿದ್ದವು. ಹೊಟ್ಟೆ ಮೇಲೆ, ಜುಟ್ಟು ಕೆಳಗೆ. ಚಾವಣಿಯಿಂದ ಬಾವಲಿಗಳ ಹಾಗೆ ಸಾಲಾಗಿ ನೇತಾಡುತ್ತಿದ್ದವು.

ಅವನ ತಪ್ಪೇನೂ ಇರಲಿಲ್ಲ, ಅಥವಾ ಎಲ್ಲ ತಪ್ಪೂ ಕೈಯದು. ಜೀವಮಾನವಿಡೀ ಬೋರಲು ಹಾಕಿದ ದೋಣಿಗೆ ಅಲೆ ಎಳೆದವನು. ಕೆಲಸ ಮಾಡುವಾಗ ಅವನ ಕಣ್ಣಿಗೆ ಅಲೆ ಯಾವಾಗಲೂ ತಲೆಕೆಳಗೇ. ಬಣ್ಣ ಒಣಗಿ, ಆಳುಗಳು ಹೆಗಲು ಕೊಟ್ಟು ದೋಣಿಯನ್ನು ಮಗುಚಿ ನೀರಿಗೆ ಒಯ್ಯುವಾಗ ಅಲೆ ತಾನಾಗಿ ನೆಟ್ಟಗಾಗುತ್ತಿತ್ತು. ಅವನ ಅಜ್ಜನ ಕೈಯೂ ಹಾಗೇ ಕಲಿತಿದ್ದು. ಗೋಡೆಗೆ ಅಲೆ ಎಳೆದವನು ಆ ವಂಶದಲ್ಲಿ ಇವನೇ ಮೊದಲಿಗ.

"ಗೋಡೇನ ಮಗುಚೋಕಾಗಲ್ವಲ್ಲಮ್ಮ," ಎಂದ ಮೇಸ್ತ್ರಿ.

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒತ್ತಿಕೊಂಡಷ್ಟೂ ನಗು ಉಕ್ಕಿತು. ಕೊನೆಗೆ ಬೆಂಚಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಸ್ತ್ರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಇಬ್ಬರಿಗೂ ಮರಿಯ ನೆನಪಾಯಿತು. ಈ ಗೋಡೆ ಹುಡುಗಿಯದು. ಅವಳ ಹತ್ತಿರ ಕೇಳದೆ ಹತ್ತಿ ಅದನ್ನು ಹಾಳುಮಾಡಿದ್ದಾಯಿತು. ಈಗಲೇ ಬಿಳಿ ಬಳಿದರೆ ಹಸಿ ಬಣ್ಣದ ಜೊತೆ ಕಲಸಿಹೋಗುತ್ತದೆ; ನಾಳೆ ಒಣಗಿದ ಮೇಲೆ ಬಂದು ಎಲ್ಲ ಮುಚ್ಚಿಬಿಡುತ್ತೇನೆ, ಅಲ್ಲಿಯವರೆಗೆ ಮರಿಗೆ ಹೇಳಬೇಡ ಎಂದು ಮೇಸ್ತ್ರಿ ಬೇಡಿಕೊಂಡ. ಸೊಸೆ ಆಣೆ ಮಾಡಿದಳು.

ಆಣೆ ಸಂಜೆಯವರೆಗೆ ಉಳಿಯಿತು. ಮಗಳಿಗೆ ಗಂಜಿ ಕುಡಿಸುವಾಗ ಅದು ನೆನಪಾಗಿ ಅವಳಿಗೆ ಮತ್ತೆ ನಗು ಬಂತು. ಏನು ಎಂದು ಮಗಳು ಕೇಳಿದಳು. ಏನೂ ಇಲ್ಲ ಎಂದು ಅಮ್ಮ ಹೇಳಿದ ರೀತಿಯಲ್ಲೇ ಎಲ್ಲ ಇತ್ತು, ಮತ್ತೆರಡು ಚಮಚ ಗಂಜಿಯಲ್ಲಿ ಕಥೆಯೆಲ್ಲ ಹೊರಗೆ ಬಂತು. ಮರಿ ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಗ್ಗೆ ಜ್ವರ ಇಳಿದಿತ್ತು. ಅಪ್ಪನ ದಪ್ಪ ಅಂಗಿ ತೊಟ್ಟು, ಯಾರಿಗೂ ಹೇಳದೆ ನಿಲ್ದಾಣಕ್ಕೆ ಹೋದಳು. ಮೇಸ್ತ್ರಿ ಆಗಲೇ ಬಂದು, ಏಣಿಯ ಕಾಲಬಳಿ ಬಿಳಿ ಬಣ್ಣ ಕಲಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮಾತು ಬಿಟ್ಟಿದ್ದು ಅವನು, ಈಗ ಹೇಗೆ ಶುರುಮಾಡುವುದು ಎಂದು ತಿಳಿಯಲಿಲ್ಲ. ಅವಳು ಅವನನ್ನು ದಾಟಿ ಹೋಗಿ, ಕಾಲಲ್ಲಿ ಶಕ್ತಿಯಿಲ್ಲದೆ ಬೆಂಚಿನ ಮೇಲೆ ಕೂತು, ಅದೂ ಸಾಲದೆ ಅಂಗಾತ ಮಲಗಿ ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು.

"ತಾತ, ಡಬ್ಬಿ ಮುಚ್ಚು."

"ಮುಚ್ಚೋದಾ? ಇದನ್ನ ಹೀಗೇ ಬಿಡೋಕಾಗುತ್ತಾ ಮರಿ? ನಗ್ತಾರೆ."

"ನಾನು ಚಿಕ್ಕವಳಿದ್ದಾಗ ಅಲೆ ಬಂದಾಗೆಲ್ಲ ಮುಳುಗಿಬಿಡ್ತಿದ್ದೆ. ಕಣ್ಣು ಬಿಟ್ಟುಕೊಂಡೇ. ಅದು ತಲೆ ಮೇಲೆ ಮುರಿದು ಬೀಳುವಾಗ ಜುಟ್ಟು ಕೆಳಗೇ ಇರುತ್ತೆ ತಾತ. ಹೀಗೇ ಇರುತ್ತೆ."

ಮೇಸ್ತ್ರಿ ಅವಳ ಪಕ್ಕದ ಬೆಂಚಿನ ಮೇಲೆ ನಿಧಾನವಾಗಿ ಮಲಗಿದ. ಇಬ್ಬರೂ ಮೇಲೆ ನೋಡುತ್ತ ಮಾತಾಡಿದರು. ದಡದಲ್ಲಿ ಕೂತು ಎದುರಿಗೆ ಕಂಡದ್ದನ್ನೇ ಇಷ್ಟು ದಿನ ಬರೆದೆ, ಬಂಡೆಯ ಮೇಲೆ ಕೂತರೆ ಅದು ಸರಿ, ಇಲ್ಲಿ ಬೆಂಚಿನ ಮೇಲೆ ಕೂತವರಿಗೆ ಸಮುದ್ರ ತಲೆಯ ಮೇಲಿರಬೇಕು ಎಂದು ಅವಳು ಹೇಳಿದಳು. ಕೆಳಗೆ ಅವಳು ಬರೆದ ಬೂದು ನೀಲಿಯನ್ನು ಕೆರೆದು, ಮೇಲಿನಿಂದ ಬೆಳಕು ಇಳಿಯುವ ಹಸಿರು ನೀರು ತುಂಬುವುದು, ಬೆಂಚುಗಳ ಹಿಂದೆ ಮರಳು ಬರುವ ಹಾಗೆ ಮಾಡುವುದು ಎಂದು ನಿಶ್ಚಯವಾಯಿತು. ಬಸವನಹುಳದ ಮಾತಿಗೆ ಅವಳು ಕ್ಷಮೆ ಕೇಳಿದಳು. ಅದು ನಾನು ಆವತ್ತೇ ಮರೆತೆ ಎಂದು ಮೇಸ್ತ್ರಿ ಹಸೀ ಸುಳ್ಳು ಹೇಳಿದ.

ಆಮೇಲಿನ ದಿನಗಳು ಆ ಮನೆಗೆ ಹಬ್ಬ ಇದ್ದ ಹಾಗಿದ್ದವು. ಬುತ್ತಿ ಒಂದೇ ಡಬ್ಬಿಯಲ್ಲಿ ಹೋಗುತ್ತಿತ್ತು. ಅಪ್ಪ ಅಂಗಡಿಯಲ್ಲಿ ಬೇಕಾದ ಹಸಿರನ್ನು ಯಂತ್ರದಲ್ಲಿ ಹದಮಾಡಿಸಿ ತಂದ. ತಾತ ಮೊಮ್ಮಗಳು ಇಬ್ಬರೂ ಸೇರಿ ಅದನ್ನು ತಿರಸ್ಕರಿಸಿ, ಅದಕ್ಕೆ ಹಳದಿ ಬೆರೆಸಿ ಬೇರೆಯೇ ಮಾಡಿಕೊಂಡರು. ಇವರು ಜಗಳವಾಡಿದಾಗಲೇ ವಾಸಿಯಿತ್ತು ಎಂದು ಅಪ್ಪ ಹೆಂಡತಿಗೆ ದೂರು ಹೇಳಿದ. ಮೇಲಿನ ಸಾಲಿನಲ್ಲಿ ಒಂದು ಅಲೆಯನ್ನು ನಾನೂ ಎಳೆಯುತ್ತೇನೆ ಎಂದು ಮರಿ ಏಣಿ ಹತ್ತಿದಳು. ಬೆನ್ನಿನವರೆಗೆ ಬಂತು, ಜುಟ್ಟಿನ ಹೊತ್ತಿಗೆ ಉಸಿರು ಕಟ್ಟಿತು. ಮೇಸ್ತ್ರಿ ಕೆಳಗಿನಿಂದ ನೋಡಿ, ಇದು ಮಾತ್ರ ಖಂಡಿತ ಬಸವನಹುಳ ಎಂದ. ಮರೆತೆ ಎಂದವನು.

ಉದ್ಘಾಟನೆಯ ದಿನ ಬಾಗಿಲು ತೆಗೆದಾಗ ಜನ ಒಳಗೆ ಬಂದು ಬೆಂಚುಗಳ ಮೇಲೆ ಕೂತರು. ಮ್ಯಾನೇಜರಿಗೆ ಕ್ಷಣಕಾಲ ಗಾಬರಿಯಾಗಿತ್ತು, ಸಮುದ್ರ ಮೇಲೆ ಹೋಗಿ ಕೂತಿದೆಯಲ್ಲ ಎಂದು. ಅಷ್ಟರಲ್ಲಿ ಮಗುವೊಂದು ಬೆಂಚಿನ ಮೇಲೆ ಅಂಗಾತ ಬಿದ್ದು, ಕೈಕಾಲು ಆಡಿಸುತ್ತ ಈಜತೊಡಗಿತು. ಅದನ್ನು ನೋಡಿ ಅದರ ಅಮ್ಮನೂ ಕತ್ತು ಹಿಂದಕ್ಕೆ ವಾಲಿಸಿದಳು. ಸ್ವಲ್ಪ ಹೊತ್ತಿನಲ್ಲಿ ಕೊಠಡಿಯ ಜನರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತ ಕೂತಿದ್ದರು. ಹೊರಡಲಿದ್ದ ಲಾಂಚಿನ ಗಂಟೆ ಎಷ್ಟು ಬಡಿದರೂ ಯಾರೂ ಏಳಲಿಲ್ಲ. ಮರಿಯ ಮುಖದಲ್ಲಿ ಆ ಹೊತ್ತು ಇದ್ದ ಸಂತೋಷವನ್ನು ಅವಳಮ್ಮ ಇನ್ನೂ ಹೇಳುತ್ತಾಳೆ.

ಹಳೆಯ ಮೀನುಗಾರನೊಬ್ಬ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಅಲೆ ನಿನ್ನದೇ, ಆದರೆ ತಲೆಕೆಳಗಾಗಿದೆಯಲ್ಲ ಮೇಸ್ತ್ರಿ ಎಂದ.

"ಕೆಳಗಿಂದ ನೋಡಿದ್ರೆ ಹೀಗೇ ಕಾಣೋದು. ನೀನು ಎಷ್ಟೋ ಸಲ ನೀರಿಗೆ ಬಿದ್ದವನಲ್ವಾ, ನೋಡಿಲ್ವಾ?"

"ಬಿದ್ದಾಗ ಕಣ್ಣು ಮುಚ್ಚಿಕೊಂಡಿದ್ದೆ ಮಾರಾಯ. ನೀನು ನೋಡಿದ್ದೀಯಾ?"

ಮೇಸ್ತ್ರಿ ಹ್ಞೂಂ ಎಂದುಬಿಟ್ಟ.

ಅದು ಅವನನ್ನು ಕೊರೆಯತೊಡಗಿತು. ಊಟಕ್ಕೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದ. ಒಳ್ಳೆಯ ದಿನವೇ ಮುಖ ಗಂಟು ಹಾಕಿಕೊಂಡಿದ್ದೀರಲ್ಲ ಎಂದು ಸೊಸೆ ಗದರಿದಾಗ ವಿಷಯ ಹೊರಬಿತ್ತು. ಕಾಣದ್ದನ್ನು ಕಂಡೆ ಎಂದು ಹೇಳಿದೆ, ಇಡೀ ಬಂದರು ದಿನಾ ಅದರ ಕೆಳಗೆ ಕೂರುತ್ತದೆ, ಸುಳ್ಳಾದರೆ ಏನು ಗತಿ ಎಂದ. ಮಗ, ಯಾರು ಹೋಗಿ ನೋಡುತ್ತಾರೆ ಬಿಡಪ್ಪ ಎಂದ. ಮೇಸ್ತ್ರಿ ಮೊಮ್ಮಗಳ ಕಡೆ ತಿರುಗಿದ.

"ನಂಗೆ ಒಂದು ಸಲ ತೋರಿಸ್ತೀಯಾ? ಕೈ ಮಾತ್ರ ಬಿಡಬಾರದು."

ಭಾನುವಾರ ಬೆಳಗ್ಗೆ, ಸಮುದ್ರ ಶಾಂತವಾಗಿದ್ದಾಗ, ಮನೆಮಂದಿಯೆಲ್ಲ ದಡಕ್ಕೆ ಹೋದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಸೊಸೆ ಟವೆಲ್ ಹಿಡಿದು ಬೈಯುತ್ತಿದ್ದಳು. ಮಗ ಅಪ್ಪನ ಅಂಗಿ, ಕನ್ನಡಕ ಹಿಡಿದುಕೊಂಡು, ತಾನೂ ಮೊಣಕಾಲವರೆಗೆ ನೀರಿಗಿಳಿದು ನಿಂತಿದ್ದ. ಮೇಸ್ತ್ರಿ ಮೊಮ್ಮಗಳ ಕೈಯನ್ನು ಎರಡೂ ಕೈಗಳಿಂದ ಹಿಡಿದು ಸೊಂಟದವರೆಗೆ ಹೋದ, ಎದೆಯವರೆಗೆ ಹೋದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಗೋ ಭಯಕ್ಕೋ. ದೂರದಲ್ಲಿ ಅಲೆಯೊಂದು ಎದ್ದಿತು. ಅಲೆ ಎಳೆಯುವಾಗ ಉಸಿರು ಹಿಡೀತೀಯಲ್ಲ, ಹಾಗೇ ಹಿಡಿ, ಕಣ್ಣು ಮಾತ್ರ ಮುಚ್ಚಬೇಡ ಎಂದಳು ಮರಿ. ಇಬ್ಬರೂ ಮುಳುಗಿದರು. ಅಲೆ ಅವರ ಮೇಲೆ ಮುರಿದು, ನೊರೆಯಾಗಿ, ದಡಕ್ಕೆ ಓಡಿಬಂದು ಸೊಸೆಯ ಚಪ್ಪಲಿ ತೋಯಿಸಿತು.

ಮೇಸ್ತ್ರಿ ಕೆಮ್ಮುತ್ತ, ಉಗುಳುತ್ತ, ಕೂದಲೆಲ್ಲ ಹಣೆಗೆ ಅಂಟಿಸಿಕೊಂಡು ಮೇಲೆ ಬಂದ. ಏನಾಯಿತು, ಎಲ್ಲಿ ನೋವಾಯಿತು ಎಂದು ಮಗ ನೀರಿನಲ್ಲಿ ಮುಗ್ಗರಿಸುತ್ತ ಹತ್ತಿರ ಹೋದ. ಮುದುಕ ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ದಡಕ್ಕೆ ಬೆನ್ನು ಹಾಕಿ, ಮುಂದಿನ ಅಲೆಯನ್ನೇ ನೋಡುತ್ತ ನಿಂತ. ಅವನ ಬಲಗೈ ನೀರಿನ ಮೇಲೆ ಗಾಳಿಯಲ್ಲಿ ಏನನ್ನೋ ಎಳೆಯುತ್ತಿತ್ತು.

"ಮರಿ," ಎಂದ, "ಜುಟ್ಟು ಸಾಲದು. ಇನ್ನೂ ಉದ್ದ ಬರಬೇಕು, ತುದೀಲಿ ತೆಳ್ಳಗೆ. ಅಜ್ಜನೂ ನೀರಿಗೆ ಇಳಿದವನಲ್ಲ ಅಂತ ಕಾಣುತ್ತೆ. ನಾಳೆ ಹೋಗಿ ಎಲ್ಲವನ್ನೂ ತಿದ್ದೋಣ."